ಬಟನ್ನೇ ಕಾಣ್ತಿಲ್ಲ ಅಣ್ಣಾ

ಭಾನುವಾರ ರಾತ್ರಿ ಒಂಬತ್ತೂಕಾಲು. ಅವ್ವ ಎರಡನೇ ಮುದ್ದೆ ಹಾಕೋದಕ್ಕೂ ಫೋನ್ ಹೊಡ್ಕೊಳ್ಳೋದಕ್ಕೂ ಸರಿಹೋಯ್ತು. ಮಾಡಿದ್ದು ನಮ್ಮ ಅಶೋಕಪುರಂನಲ್ಲೇ, ಎರಡು ಬೀದಿ ಆಚೆ ಇರುವ ಹುಡುಗಿ. ಈ ಸಲ ಸೆಕೆಂಡ್ ಪಿಯುಸಿ ಪಾಸಾಗಿದ್ದಾಳೆ.

"ಅಣ್ಣಾ, ಆ ಫೀಸ್ ಫಾರಂ ತುಂಬ್ತಾ ಇದ್ದೀನಿ. ಎಲ್ಲಾ ತುಂಬಿದ್ದಾಯ್ತು. ಕಳಿಸೋ ಬಟನ್ನೇ ಕಾಣ್ತಿಲ್ಲ ಅಣ್ಣಾ."

ನಾನೇನಂದೆ ಗೊತ್ತಾ? ನಮ್ಮ ಕಸುಬಿನವರು ದಿನಕ್ಕೆ ನಾಲ್ಕು ಸಲ ಹೇಳೋ ಮಾತನ್ನೇ ಹೇಳಿದೆ. "ನನ್ನ ಫೋನಲ್ಲಿ ಸರಿಯಾಗೇ ಬರ್ತಿದೆಯಲ್ಲಮ್ಮ. ಕೆಳಗಡೆ ಸರಿಯಾಗಿ ನೋಡು."

"ನೋಡ್ದೆ ಅಣ್ಣಾ. ಕೆಳಗಡೆ ಹೋಗ್ತಾನೇ ಇಲ್ಲ."

ಫಾರಂ ಕಳಿಸೋಕೆ ಅವತ್ತು ರಾತ್ರಿ ಹನ್ನೆರಡೇ ಕೊನೆ.

ಹಿನ್ನೆಲೆ ಹೇಳಿಬಿಡ್ತೀನಿ. ನಮ್ಮ ಕಡೆ ಮಕ್ಕಳಿಗೆ ಮೊದಲ ವರ್ಷದ ಕಾಲೇಜು ಫೀಸಿನಲ್ಲಿ ಒಂದಿಷ್ಟು ಕಟ್ಟಿಕೊಡುವ ಸಣ್ಣ ಟ್ರಸ್ಟ್ ಒಂದಿದೆ. ಹೋದ ವರ್ಷದವರೆಗೂ ಪೇಪರ್ ಫಾರಂ. ಜೆರಾಕ್ಸ್ ಅಂಗಡಿಯಲ್ಲಿ ಸಿಗ್ತಿತ್ತು, ತುಂಬಿ ಕೊಟ್ಟುಬಂದರೆ ಮುಗೀತು. ನಾನು ಇಂಜಿನಿಯರಿಂಗ್ ಸೇರುವಾಗ ಇಂಥದ್ದೇ ಒಂದು ಫಾರಂ ತುಂಬಿದ್ದೆ. ಗೆಳೆಯನ ಬೆನ್ನ ಮೇಲೆ ಇಟ್ಟುಕೊಂಡು, ಅಂಗಡಿ ಮುಂದೆ ನಿಂತು. ಆ ದುಡ್ಡು ಬರದಿದ್ದರೆ ಅಪ್ಪ ಇನ್ನೊಂದು ಸಾಲ ಮಾಡಬೇಕಿತ್ತು. ಆ ಋಣ ಮನಸ್ಸಲ್ಲಿ ಇತ್ತು ನೋಡಿ, ಈ ವರ್ಷ ನಾನೇ ಮೈಮೇಲೆ ಬಿದ್ದು ಹೇಳಿದ್ದೆ: "ಆನ್‌ಲೈನ್ ಮಾಡ್ಕೊಡ್ತೀನಿ ಸಾರ್, ದುಡ್ಡೇನೂ ಬೇಡ."

ಅಂದರೆ ಆ ಕಾಣದ ಬಟನ್ ಮಾಡಿದವನು ನಾನೇ.

ಹತ್ತು ನಿಮಿಷಕ್ಕೆ ಹುಡುಗಿ ತಮ್ಮನನ್ನು ಕರ್ಕೊಂಡು ಮನೆಗೇ ಬಂದಳು. ಫೋನ್ ಅವಳದ್ದಲ್ಲ, ಅವರಮ್ಮನದು. ನಾಲ್ಕೈದು ವರ್ಷ ಹಳೇದು. ಅಮ್ಮನಿಗೆ ಕಣ್ಣು ಮಂಜು, ಅದಕ್ಕೆ ಅಕ್ಷರದ ಸೈಜ್ ದೊಡ್ಡದು ಮಾಡಿಟ್ಟಿದ್ದಾರೆ. ಬ್ರೌಸರ್ ನಾವು ದಿನಾ ಬಳಸೋದಲ್ಲ, ಫೋನಿನ ಜೊತೆಗೇ ಬಂದದ್ದು. ಮೇಲೆ ಅಡ್ರೆಸ್ ಬರೆಯೋ ಪಟ್ಟಿ, ಕೆಳಗೆ ಇನ್ನೊಂದು ಪಟ್ಟಿ. ನಡುವೆ ನನ್ನ ಫಾರಂ ಉಸಿರು ಕಟ್ಟಿಕೊಂಡು ಕೂತಿತ್ತು.

ನಾನು ನೋಡಿದ್ದು ಇಷ್ಟು. ಒಂದು, ಬಟನ್ ಇಲ್ಲ. ಎರಡು, 'ವಿದ್ಯಾರ್ಥಿವೇತನಕ್ಕಾಗಿ' ಅನ್ನೋ ಪದ ತನ್ನ ಜಾಗ ಬಿಟ್ಟು, ಪಕ್ಕದ ಡಬ್ಬಿಯನ್ನು ಸ್ಕ್ರೀನಿನಿಂದ ಹೊರಗೆ ತಳ್ಳಿತ್ತು. ಮೂರು, ಎರಡು ಬೆರಳಲ್ಲಿ ಚಿವುಟಿ ಚಿಕ್ಕದು ಮಾಡೋಣ ಅಂದರೆ ಆಗ್ತಿಲ್ಲ.

ಅವಳು ತಲೆ ತಗ್ಗಿಸಿ ಹೇಳಿದಳು. "ನಂಗೇ ಗೊತ್ತಾಗ್ತಿಲ್ಲ ಅನ್ಕೊಂಡೆ ಅಣ್ಣಾ. ಮೂರು ದಿನದಿಂದ ಟ್ರೈ ಮಾಡ್ತಿದ್ದೀನಿ."

ಮೂರು ದಿನ! ಆ ಮಾತು ಬೆನ್ನಿಗೆ ಗುದ್ದಿದ ಹಾಗಾಯ್ತು.

ನೀರಿನಂಥ ಪೇಜು, ಬೇರೆ ಬೇರೆ ಪಾತ್ರೆ

ಈ ಅಂಕಣ ಓದುವವರಲ್ಲಿ ಅರ್ಧ ಜನ ಐಟಿಯವರು ಅಂತ ಗೊತ್ತು. ಉಳಿದ ಅರ್ಧ ಜನಕ್ಕಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ನಾವು ಸ್ಕೂಲಲ್ಲಿದ್ದಾಗ ಸೈಬರ್ ಕೆಫೆಗೆ ಹೋಗಿ ನೋಡ್ತಿದ್ದ ವೆಬ್‌ಸೈಟ್‌ಗಳು ನೆನಪಿದೆಯಾ? ಕೆಳಗೊಂದು ಸಾಲು ಇರೋದು: ಈ ಸೈಟನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ, 800 x 600 ಸ್ಕ್ರೀನಿನಲ್ಲಿ ನೋಡಿ ಅಂತ. ಮಾಡಿದವರು ಒಂದೇ ಅಳತೆ ಹಿಡಿದು ಮಾಡ್ತಿದ್ದರು. ನಿಮ್ಮ ಸ್ಕ್ರೀನ್ ಆ ಅಳತೆಗೆ ಸರಿಹೋಗದಿದ್ದರೆ ತಪ್ಪು ನಿಮ್ಮದು.

ಹಾಗೆ ಮಾಡಬಾರದು, ವೆಬ್‌ನ ಗುಣವೇ ಬಗ್ಗೋದು ಅಂತ ಜಾನ್ ಆಲ್ಸಾಪ್ 2000ದಲ್ಲೇ ಬರೆದಿದ್ದರು. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಅದಕ್ಕೆ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಅಂತ ಹೆಸರಿಟ್ಟು, ಮಾಡುವ ದಾರಿಯನ್ನೂ ತೋರಿಸಿದರು. ಮೂರೇ ವಿಷಯ. ಅಗಲವನ್ನು ಪಿಕ್ಸೆಲ್ ಬದಲು ಶೇಕಡಾದಲ್ಲಿ ಕೊಡಿ. ಚಿತ್ರಗಳು ತಮ್ಮ ಡಬ್ಬಿಯಷ್ಟೇ ಹಿಗ್ಗಲಿ, ಕುಗ್ಗಲಿ. ಸ್ಕ್ರೀನ್ ತುಂಬ ಬದಲಾದರೆ ಜೋಡಣೆಯನ್ನೇ ಬದಲಿಸಿ. ಇವತ್ತು ನಿಮ್ಮ ಫೋನಲ್ಲಿ ಚೆನ್ನಾಗಿ ಕಾಣುವ ಬಹುತೇಕ ಪೇಜುಗಳ ಹಿಂದೆ ಈ ಮೂರೂ ಇರುತ್ತವೆ.

ಪೇಜು ನೀರಿನ ಹಾಗೆ ಹರೀಲಿ ಅಂತ ಬಿಟ್ಟಿದ್ದೇವೆ, ಸರಿ. ಆದರೆ ಪಾತ್ರೆ ಒಂದೇ ಇಲ್ಲವಲ್ಲ? ಈಗ ಮುಖ್ಯವಾಗಿ ಮೂರು ಇಂಜಿನ್‌ಗಳಿವೆ. ಕ್ರೋಮ್, ಎಡ್ಜ್, ಒಪೆರಾ, ಸ್ಯಾಮ್‌ಸಂಗ್ ಬ್ರೌಸರ್ ಇವುಗಳ ಒಳಗೆ ಬ್ಲಿಂಕ್. ಸಫಾರಿ ಒಳಗೆ ವೆಬ್‌ಕಿಟ್. ಫೈರ್‌ಫಾಕ್ಸ್ ಒಳಗೆ ಗೆಕೊ. ನಮ್ಮೂರಲ್ಲಿ ಐಫೋನ್ ಇಟ್ಟುಕೊಂಡು "ನಾನು ಕ್ರೋಮ್‌ನಲ್ಲೇ ನೋಡಿದ್ದು" ಅಂದರೂ ಒಳಗೆ ಓಡೋದು ವೆಬ್‌ಕಿಟ್ಟೇ. ಮೂರೂ ಓದೋದು ಒಂದೇ ನಿಯಮದ ಪುಸ್ತಕ. ಆದರೆ ಯಾವ ಪಾಠ ಯಾವಾಗ ಕಲಿತರು ಅನ್ನೋದು ಬೇರೆ ಬೇರೆ. ಹಳೇ ಫೋನಲ್ಲಿ ಹಳೇ ಪಾಠದಲ್ಲೇ ನಿಂತ ಬ್ರೌಸರ್ ಇರುತ್ತೆ.

ಹಿಂದೆ ಇನ್ನೂ ಕಷ್ಟ ಇತ್ತು. 300 ಪಿಕ್ಸೆಲ್ ಅಗಲದ ಡಬ್ಬಿ, ಒಳಗೆ ಎರಡೂ ಕಡೆ 20 ಪಿಕ್ಸೆಲ್ ಜಾಗ ಬಿಡಿ ಅಂತ ಬರೆದರೆ, ನಿಯಮದ ಪ್ರಕಾರ ಒಟ್ಟು ಅಗಲ 340. ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಲೆಕ್ಕದಲ್ಲಿ 300. ಪಕ್ಕಪಕ್ಕ ಮೂರು ಡಬ್ಬಿ ಇಟ್ಟರೆ ಒಂದು ಬ್ರೌಸರಲ್ಲಿ ಸರಿ, ಇನ್ನೊಂದರಲ್ಲಿ ಮೂರನೇದು ಕೆಳಗೆ ಬೀಳ್ತಿತ್ತು. ಎಲ್ಲರೂ ಎಕ್ಸ್‌ಪ್ಲೋರರಿಗೆ ಬೈದರು. ತಮಾಷೆ ಅಂದರೆ ಇವತ್ತು ನಾವೆಲ್ಲ ಸಿಎಸ್‌ಎಸ್ ಫೈಲಿನ ಮೊದಲ ಸಾಲಲ್ಲೇ 'ಬಾಕ್ಸ್ ಸೈಜಿಂಗ್: ಬಾರ್ಡರ್ ಬಾಕ್ಸ್' ಅಂತ ಬರೆದು ಕೇಳ್ಕೊಳ್ಳೋದು ಅದೇ ಹಳೇ ಲೆಕ್ಕವನ್ನೇ! ಶೇಕಡಾ ಅಗಲ ಕೊಟ್ಟಾಗ ಒಳಗಿನ ಜಾಗವೂ ಅದರಲ್ಲೇ ಸೇರಿದರೆ ಮಾತ್ರ ಲೆಕ್ಕ ನೂರಕ್ಕೆ ನಿಲ್ಲುತ್ತೆ.

ಸರಿ, ಆ ರಾತ್ರಿಗೆ ವಾಪಸ್ ಬರೋಣ. ಗಂಟೆ ಒಂಬತ್ತೂ ನಲವತ್ತು.

ಬಟನ್ ಎಲ್ಲಿ ಹೋಯ್ತು?

ಫಾರಂ ಫೋನಿನ ಸ್ಕ್ರೀನ್ ತುಂಬ ಚೆಂದವಾಗಿ ಕೂರಲಿ ಅಂತ ಎತ್ತರ 100 ವಿಎಚ್ ಅಂತ ಕೊಟ್ಟಿದ್ದೆ. ಅಂದರೆ ಸ್ಕ್ರೀನ್ ಎತ್ತರದ ನೂರಕ್ಕೆ ನೂರು. ಬಟನ್ ತೀರಾ ತಳಕ್ಕೆ ಅಂಟಿಸಿದ್ದೆ. ಆ್ಯಪ್ ಥರ ಕಾಣಲಿ ಅಂತ ಪೇಜು ಮೇಲೆ ಕೆಳಗೆ ಜಾರದಂತೆ ಬೀಗವನ್ನೂ ಹಾಕಿದ್ದೆ.

ಇಲ್ಲೇ ಇರೋದು ಮಜಾ. ಫೋನ್ ಬ್ರೌಸರಿನಲ್ಲಿ ಮೇಲಿನ ಅಡ್ರೆಸ್ ಪಟ್ಟಿ, ನಾವು ಪೇಜ್ ಜಾರಿಸಿದಾಗ ಮರೆಯಾಗುತ್ತೆ ಅಲ್ವಾ? 100 ವಿಎಚ್ ಅನ್ನೋದು ಆ ಪಟ್ಟಿ ಮರೆಯಾದ ಮೇಲಿನ ಎತ್ತರ. ಪಟ್ಟಿ ಕಾಣ್ತಾ ಇರುವಾಗ ಅಷ್ಟು ಜಾಗ ಇರೋದಿಲ್ಲ, ತಳದ ಭಾಗ ಸ್ಕ್ರೀನಿನಿಂದ ಕೆಳಗೆ ಇಳಿದುಹೋಗುತ್ತೆ. ಜಾರಿಸಿದರೆ ಸಿಗುತ್ತೆ. ಆದರೆ ಜಾರೋದಕ್ಕೇ ನಾನು ಬೀಗ ಹಾಕಿದ್ದೆನಲ್ಲ? ಪೇಜು ಜಾರದಿದ್ದರೆ ಪಟ್ಟಿ ಮರೆಯಾಗಲ್ಲ, ಪಟ್ಟಿ ಮರೆಯಾಗದಿದ್ದರೆ ಬಟನ್ ಬರಲ್ಲ. ಆ ಬ್ರೌಸರಿನ ಎರಡೂ ಪಟ್ಟಿ ಸೇರಿ, 40 ಪಿಕ್ಸೆಲ್ ಎತ್ತರದ ನನ್ನ ಬಟನನ್ನು ಪೂರ್ತಿ ನುಂಗಿಹಾಕಿದ್ದವು.

ನನ್ನ ಫೋನಲ್ಲಿ ಯಾಕೆ ಕಂಡಿತ್ತು? ಆ ಪೇಜನ್ನು ಹೋಂ ಸ್ಕ್ರೀನಿಗೆ ಹಾಕ್ಕೊಂಡು, ಪಟ್ಟಿಯೇ ಇಲ್ಲದ ಹಾಗೆ ತೆರೀತಿದ್ದೆ. ಲ್ಯಾಪ್‌ಟಾಪಿನಲ್ಲಿ ಮೊಬೈಲ್ ಅಳತೆ ತೋರಿಸೋ ಸೌಲಭ್ಯ ಇದೆ, ಅದರಲ್ಲೂ ನೋಡಿದ್ದೆ. ಅದು ಸ್ಕ್ರೀನಿನ ಅಳತೆ ತೋರಿಸುತ್ತೆ, ನಿಜ. ಇಳಿದು ಏರುವ ಅಡ್ರೆಸ್ ಪಟ್ಟಿಯನ್ನು ತೋರಿಸೋದಿಲ್ಲ.

ಇದಕ್ಕೆ ಹೊಸ ಅಳತೆಗಳು ಬಂದಿವೆ. ಪಟ್ಟಿ ಇದ್ದಾಗಿನ ಚಿಕ್ಕ ಎತ್ತರ ಎಸ್‌ವಿಎಚ್. ಇಲ್ಲದಾಗಿನ ದೊಡ್ಡ ಎತ್ತರ ಎಲ್‌ವಿಎಚ್. ಸದ್ಯ ಎಷ್ಟಿದೆಯೋ ಅಷ್ಟು ಅನ್ನೋದು ಡಿವಿಎಚ್. 2022ರಲ್ಲಿ ಮೂರೂ ಇಂಜಿನ್‌ಗಳಿಗೆ ಇವು ಬಂದವು: ಸಫಾರಿ 15.4, ಫೈರ್‌ಫಾಕ್ಸ್ 101, ಕ್ರೋಮ್ 108. ಆದರೆ ಅಪ್‌ಡೇಟ್ ಆಗದ ಹಳೇ ಫೋನಿಗೆ ಇವು ಗೊತ್ತಿಲ್ಲ. ಅದಕ್ಕೂ ಸುಲಭ ದಾರಿ ಇದೆ. ಮೊದಲು ಹಳೇ ಸಾಲು ಬರೀಬೇಕು, ಅದರ ಕೆಳಗೆ ಹೊಸ ಸಾಲು. ಸಿಎಸ್‌ಎಸ್‌ನ ಒಳ್ಳೇ ಗುಣ ಅಂದರೆ ಬ್ರೌಸರ್ ತನಗೆ ಅರ್ಥವಾಗದ ಸಾಲನ್ನು ಜಗಳ ಮಾಡದೆ ಬಿಟ್ಟುಬಿಡುತ್ತೆ. ಹೊಸದು ಗೊತ್ತಿದ್ದವರು ಹೊಸದನ್ನು ತಗೋತಾರೆ, ಗೊತ್ತಿಲ್ಲದವರು ಹಳೇದರಲ್ಲೇ ಇರ್ತಾರೆ.

ನಾನು ಆ ರಾತ್ರಿ ಅದಕ್ಕಿಂತ ಸರಳ ಕೆಲಸ ಮಾಡಿದೆ. 'ಎತ್ತರ ಇಷ್ಟೇ' ಅಂತಿದ್ದದ್ದನ್ನು 'ಎತ್ತರ ಕನಿಷ್ಠ ಇಷ್ಟು' ಅಂತ ಬದಲಿಸಿದೆ. ಬೀಗ ತೆಗೆದೆ. ತಳಕ್ಕೆ ಅಂಟಿಸಿದ್ದ ಬಟನನ್ನು ಕೊನೆಯ ಡಬ್ಬಿಯ ಕೆಳಗೆ ಮಾಮೂಲಿಯಾಗಿ ಇಟ್ಟೆ. ಫಾರಂ ಉದ್ದವಾದರೆ ಆಗಲಿ, ಜಾರಿಸ್ತಾರೆ. ಜಾರಿಸೋದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅಪ್‌ಲೋಡ್ ಮಾಡಿ, ಅವಳ ಫೋನಲ್ಲಿ ಮತ್ತೆ ತೆರೆದೆ. ಬಟನ್ ಬಂತು!

"ಬಂತು ಅಣ್ಣಾ... ಆದ್ರೆ ಇದೇನು, 'ಸಲಿಸಿ' ಅಂತಿದೆ?"

ಒತ್ತಕ್ಷರಕ್ಕೂ ಜಾಗ ಬೇಕು

ಬಟನ್ ಮೇಲೆ ನಾನು ಬರೆದಿದ್ದು 'ಸಲ್ಲಿಸಿ'. ಕಾಣ್ತಿದ್ದದ್ದು 'ಸಲಿಸಿ'. ಲಕಾರದ ಒತ್ತು ಕತ್ತರಿಸಿ ಹೋಗಿತ್ತು.

ಇದನ್ನು ಯಾವ ಇಂಗ್ಲಿಷ್ ಪಾಠದಲ್ಲೂ ದೊಡ್ಡದಾಗಿ ಹೇಳಿಕೊಡೋದಿಲ್ಲ. ಇಂಗ್ಲಿಷ್ ಅಕ್ಷರಗಳು ಹೆಚ್ಚುಕಡಿಮೆ ಗೆರೆ ಮೇಲೆ ನಿಲ್ಲುತ್ತವೆ, ಒಂದೆರಡಕ್ಕೆ ಮಾತ್ರ ಬಾಲ. ನಮ್ಮದು ಹಾಗಲ್ಲ. ಮೇಲೆ ಗುಡಿಸು, ತಲೆಕಟ್ಟು, ಕೆಳಗೆ ಒತ್ತು. 'ರಾಷ್ಟ್ರ' ಅಂತ ಬರೆದು ನೋಡಿ, ಕೆಳಗೆ ಎಷ್ಟು ಇಳಿಯುತ್ತೆ ಅಂತ. ನಾನು ಇಂಗ್ಲಿಷ್ ಡಿಸೈನಿನಿಂದ ಎತ್ತಿಕೊಂಡು, ಬಟನ್ ಎತ್ತರ 40 ಪಿಕ್ಸೆಲ್, ಸಾಲಿನ ಎತ್ತರ 1, ಹೊರಗೆ ಹೋದದ್ದು ಕಾಣಬಾರದು ಅಂತ ಬರೆದಿದ್ದೆ. ಅವಳ ಅಮ್ಮನ ಫೋನಲ್ಲಿ ಅಕ್ಷರ ದೊಡ್ಡದು. ಅಕ್ಷರ ಬೆಳೀತು, ಡಬ್ಬಿ ಬೆಳೀಲಿಲ್ಲ, ಒತ್ತು ಹೋಯ್ತು.

ಪರಿಹಾರ ಇಷ್ಟೇ. ಬಟನಿಗೆ ಎತ್ತರ ಕೊಡಬೇಡಿ. ಅಕ್ಷರದ ಸುತ್ತ ಜಾಗ ಕೊಡಿ, ಎತ್ತರ ತಾನೇ ಬರುತ್ತೆ. ಆ ಜಾಗವನ್ನೂ ಪಿಕ್ಸೆಲ್ ಬದಲು ಅಕ್ಷರದ ಸೈಜಿಗೆ ತಕ್ಕಂತೆ ಬದಲಾಗುವ 'ಎಮ್' ಅಥವಾ 'ರೆಮ್' ಅಳತೆಯಲ್ಲಿ ಕೊಡಿ. ಸಾಲಿನ ಎತ್ತರ ಕನ್ನಡಕ್ಕೆ 1.6ರ ಆಸುಪಾಸು ಇರಲಿ, ಅದಕ್ಕೆ ಪಿಕ್ಸೆಲ್ ಹಚ್ಚಬೇಡಿ.

ಫಾಂಟಿನ ವಿಷಯವೂ ಇದೆ. ನೀವು ಫಾಂಟ್ ಕಳಿಸದಿದ್ದರೆ ಫೋನಿನಲ್ಲಿ ಯಾವುದಿದೆಯೋ ಅದೇ ಬರುತ್ತೆ. ಆ್ಯಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೊ ಸಾನ್ಸ್ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ, ಅದಕ್ಕೂ ಹಿಂದಿನದರಲ್ಲಿ ತುಂಗಾ. ಒಂದೇ ಪದ ಒಂದೊಂದರಲ್ಲಿ ಒಂದೊಂದು ಅಗಲ. ನಿಮ್ಮ ಸ್ಕ್ರೀನಲ್ಲಿ ಒಂದೇ ಸಾಲಿಗೆ ನಿಂತದ್ದು ಇನ್ನೊಬ್ಬರಲ್ಲಿ ಎರಡು ಸಾಲಾಗುತ್ತೆ. ಆಗಲಿ ಬಿಡಿ, ಆದರೆ ಆಗೋದಕ್ಕೆ ಜಾಗ ಇಟ್ಟಿರಿ.

ಬಗ್ಗದ ಪದ, ಹೊರಗೆ ಬಿದ್ದ ಡಬ್ಬಿ

ಇನ್ನು 'ವಿದ್ಯಾರ್ಥಿವೇತನಕ್ಕಾಗಿ'. ಎಡಗಡೆ ಪ್ರಶ್ನೆ, ಬಲಗಡೆ ಉತ್ತರದ ಡಬ್ಬಿ ಅಂತ ಫ್ಲೆಕ್ಸ್‌ಬಾಕ್ಸ್‌ನಲ್ಲಿ ಜೋಡಿಸಿದ್ದೆ. ಫ್ಲೆಕ್ಸ್ ಅಂದಮೇಲೆ ಬಗ್ಗುತ್ತೆ ಅನ್ಕೊಂಡಿರ್ತೀವಿ. ಆದರೆ ಅದಕ್ಕೊಂದು ಹಠ ಇದೆ: ತನ್ನ ಒಳಗಿನ ಅತಿ ಉದ್ದದ ಪದಕ್ಕಿಂತ ಚಿಕ್ಕದಾಗಲ್ಲ. ಇಂಗ್ಲಿಷಿನಲ್ಲಿ ಪದಗಳು ಚಿಕ್ಕಚಿಕ್ಕವು, ಬಿಡಿಬಿಡಿ. ನಮ್ಮಲ್ಲಿ ಸಂಧಿ, ಸಮಾಸ, ವಿಭಕ್ತಿ ಎಲ್ಲ ಸೇರಿ ಒಂದೇ ಪದ ರೈಲಿನ ಹಾಗೆ ಉದ್ದ. 360 ಪಿಕ್ಸೆಲ್ ಅಗಲದ ಫೋನಲ್ಲಿ, ದೊಡ್ಡ ಅಕ್ಷರದಲ್ಲಿ, ಆ ಒಂದು ಪದವೇ ಅರ್ಧಕ್ಕಿಂತ ಹೆಚ್ಚು ಜಾಗ ತಿಂದಿತ್ತು.

ಆ ಹಠ ಬಿಡಿಸೋದಕ್ಕೆ 'ಮಿನ್ ವಿಡ್ತ್: 0' ಅಂತ ಹೇಳಬೇಕು. ಜೊತೆಗೆ 'ಓವರ್‌ಫ್ಲೋ ರ‍್ಯಾಪ್: ಬ್ರೇಕ್ ವರ್ಡ್' ಅಂತ ಬರೆದರೆ ಜಾಗ ಸಾಲದಾಗ ಪದವನ್ನು ಮುರಿದು ಕೆಳಗಿನ ಸಾಲಿಗೆ ತರುತ್ತೆ. ಗ್ರಿಡ್ ಬಳಸಿದರೂ ಇದೇ ಹಠ ಇರುತ್ತೆ, ಅಲ್ಲಿ 'ಮಿನ್‌ಮ್ಯಾಕ್ಸ್' ಒಳಗೆ ಸೊನ್ನೆ ಕೊಡಬೇಕು. ಆದರೆ ನಿಜವಾದ ಪರಿಹಾರ ಬೇರೆ. ಫೋನಲ್ಲಿ ಪ್ರಶ್ನೆ ಮೇಲೆ, ಡಬ್ಬಿ ಕೆಳಗೆ. ಪಕ್ಕಪಕ್ಕ ಬೇಕಾದರೆ ಅಗಲವಾದ ಸ್ಕ್ರೀನಿಗೆ ಮಾತ್ರ. ನಾನು ಉಲ್ಟಾ ಮಾಡಿದ್ದೆ. ದೊಡ್ಡ ಸ್ಕ್ರೀನಿಗೆ ಮೊದಲು ಬರೆದು, ಫೋನಿಗೆ ತುರುಕಿದ್ದೆ.

ಚಿವುಟಿ ಚಿಕ್ಕದು ಮಾಡಲು ಆಗದಿದ್ದದ್ದೂ ನನ್ನದೇ ಕೆಲಸ. ಪೇಜಿನ ತಲೆಯಲ್ಲಿ ವ್ಯೂಪೋರ್ಟ್ ಅಂತ ಒಂದು ಸಾಲು ಇರುತ್ತೆ. ಅದಿಲ್ಲದಿದ್ದರೆ ಐಫೋನಿನಂಥ ಫೋನ್ ತಾನು 980 ಪಿಕ್ಸೆಲ್ ಅಗಲದ ಕಂಪ್ಯೂಟರ್ ಅಂತ ನಟಿಸಿ ಇಡೀ ಪೇಜನ್ನು ಇರುವೆಯಷ್ಟು ಮಾಡಿ ತೋರಿಸುತ್ತೆ. ಆದ್ದರಿಂದ ಆ ಸಾಲು ಬೇಕೇ ಬೇಕು. ಆದರೆ ಅದೇ ಸಾಲಲ್ಲಿ 'ಬಳಕೆದಾರರು ಜೂಮ್ ಮಾಡುವಂತಿಲ್ಲ' ಅಂತಲೂ ಸೇರಿಸಿದ್ದೆ. ಯಾಕೆ? ಎಲ್ಲೋ ನೋಡಿ ಕಾಪಿ ಹೊಡೆದದ್ದು. ಕಣ್ಣು ಮಂಜಾದ ತಾಯಿಯ ಫೋನಿನಲ್ಲಿ ಜೂಮ್ ಬೇಡ ಅನ್ನೋಕೆ ನಾನ್ಯಾರು? ಅಳಿಸಿದೆ.

ಹನ್ನೊಂದೂ ಮೂವತ್ತೈದಕ್ಕೆ ಅವಳು 'ಸಲ್ಲಿಸಿ' ಒತ್ತಿದಳು. ಹಸಿರು ಟಿಕ್ ಬಂತು. ಅವ್ವ ಅವಳಿಗೂ ತಮ್ಮನಿಗೂ ಬಿಸಿ ಹಾಲು ಕೊಟ್ಟು, "ಈ ಹೊತ್ನಲ್ಲಿ ಒಬ್ಳೇ ಬುಡಬ್ಯಾಡ, ಮನೆಗಂಟ ಬುಟ್ಟು ಬಾ" ಅಂದಳು. ಬಿಟ್ಟು ಬಂದೆ. ಮಳೆ ಹನೀತಿತ್ತು. ದಾರಿಯಲ್ಲಿ ಒಂದೇ ಯೋಚನೆ: ಇವಳು ನನಗೆ ಫೋನ್ ಮಾಡಿದಳು. ನನ್ನ ನಂಬರ್ ಇಲ್ಲದವರು?

ಹನ್ನೊಂದು ಫೋನ್ ಕಾಲ್

ಫಾರಂ ಎರಡು ಹಂತದ್ದು. ಮೊದಲ ಹಂತದಲ್ಲಿ ಹೆಸರು, ಫೋನ್ ನಂಬರ್. ಅದು ಸೇವ್ ಆಗ್ತಿತ್ತು. ಎರಡನೇ ಹಂತದಲ್ಲಿ ಉಳಿದದ್ದೆಲ್ಲ, ಕೊನೆಗೆ ಆ ಬಟನ್. ಬೆಳಗ್ಗೆ ಎದ್ದವನೇ ಲ್ಯಾಪ್‌ಟಾಪ್ ತೆಗೆದು ನೋಡಿದೆ. ಮೊದಲ ಹಂತ ಮುಗಿಸಿ, ಎರಡನೇದು ಕಳಿಸದೇ ಇದ್ದವರು 11 ಜನ.

ಹಿಂದಿನ ವಾರವೂ ಈ ಸಂಖ್ಯೆ ನೋಡಿದ್ದೆ. "ಹುಡುಗರು ಅರ್ಧ ತುಂಬಿ ಬಿಟ್ಟಿದ್ದಾರೆ, ಸೀರಿಯಸ್‌ನೆಸ್ ಇಲ್ಲ" ಅನ್ಕೊಂಡಿದ್ದೆ. ಈಗ ಅದೇ ಸಂಖ್ಯೆ ನೋಡೋಕೆ ಮುಜುಗರ.

ಅಪ್ಪ ಕಾಫಿ ಕುಡೀತಾ ಪೇಪರ್ ಓದ್ತಿದ್ದ. ಇಲ್ಲೇ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನು. ಲೇಔಟ್ ಅಂದರೆ ಅವನಿಗೆ ಸೈಟು ಮಾರೋ ಲೇಔಟು. ಆದರೂ ಏನಾಯ್ತು ಅಂತ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಅಂದ:

"ನಮ್ ಶಾಪಲ್ಲಿ ಬೋಗಿ ರಿಪೇರಿ ಆದ್ಮೇಲೆ, ಶೆಡ್ಡಲ್ ನಿಂತಿದ್ದಾಗ ಚೆನ್ನಾಗದೆ ಅಂತ ಯಾರೂ ಸೈನ್ ಹಾಕ್ತಿರ್ಲಿಲ್ಲ ಕಣೋ. ಹಳಿ ಮೇಲೆ ಓಡುಸ್ಬೇಕು. ನೀನು ಶೆಡ್ಡಲ್ಲೇ ಪಾಸ್ ಮಾಡ್ಬುಟ್ಟಿದ್ದೀಯ."

ಅಷ್ಟು ಹೇಳಿ ಮತ್ತೆ ಪೇಪರ್ ಹಿಡಿದ. ನಾನು ಉತ್ತರ ಕೊಡಲಿಲ್ಲ.

ಮೊದಲು ಟ್ರಸ್ಟಿನ ಕಾರ್ಯದರ್ಶಿಯವರ ಹತ್ತಿರ ಹೋದೆ. "ಸಾರ್, ತಪ್ಪು ನನ್ನದು. ಒಂದು ವಾರ ದಿನ ಮುಂದಕ್ಕೆ ಹಾಕಿ" ಅಂತ ಕೇಳಿದೆ. ಹಿರಿಯರು, ಸ್ವಲ್ಪ ಸಿಟ್ಟಾದರು. "ಪೇಪರಲ್ಲೇ ಚೆನ್ನಾಗಿತ್ತಲ್ಲಪ್ಪ" ಅಂದರು. ನಿಜ, ಪೇಪರ್ ಯಾರ ಕೈಯಲ್ಲೂ ಬಟನ್ ಕಳ್ಕೊಳ್ಳಲ್ಲ. ಕೊನೆಗೆ ಒಪ್ಪಿದರು. ಜೊತೆಗೆ ಪೇಪರ್ ಫಾರಂ ಕೂಡ ಜೆರಾಕ್ಸ್ ಅಂಗಡಿಯಲ್ಲಿ ಇಡಿಸಿದರು. ಅದು ನನಗೂ ಸರಿ ಅನ್ನಿಸ್ತು.

ಆಮೇಲೆ ಆ 11 ಜನಕ್ಕೂ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಯಾರಾದರೂ ಬೈತಾರೆ ಅನ್ಕೊಂಡಿದ್ದೆ. ಬೈದಿದ್ದರೇ ಚೆನ್ನಾಗಿತ್ತು.

"ನಮ್ ಫೋನೇ ಸರಿ ಇಲ್ಲ ಸಾರ್, ಬೇರೆ ಫೋನ್ ಸಿಕ್ರೆ ಕಳ್ಸೋಣ ಅನ್ಕೊಂಡಿದ್ದೆ."

"ಡೇಟ್ ಮುಗಿದಿರ್ಬೇಕು, ಅದಕ್ಕೇ ಬಟನ್ ತೆಗೆದಿದ್ದಾರೆ ಅನ್ಕೊಂಡೆ ಸಾರ್."

"ನಂಗೆ ಇಂಗ್ಲಿಷ್ ಬರಲ್ಲ ಸಾರ್, ಅದಕ್ಕೆ ಏನೋ ತಪ್ಪು ಮಾಡಿರ್ತೀನಿ." ಫಾರಂ ಇದ್ದದ್ದು ಪೂರ್ತಿ ಕನ್ನಡದಲ್ಲಿ.

ಒಬ್ಬರೂ "ನಿಮ್ಮ ಪೇಜ್ ಸರಿ ಇಲ್ಲ" ಅನ್ನಲಿಲ್ಲ. ಎಲ್ಲರೂ ತಪ್ಪನ್ನು ತಮ್ಮ ಮೇಲೆ, ಇಲ್ಲಾ ತಮ್ಮ ಫೋನಿನ ಮೇಲೆ ಹಾಕ್ಕೊಂಡಿದ್ದರು. ಒಳ್ಳೇ ಫೋನು, ಒಳ್ಳೇ ಕೆಲಸ ಇರುವ ನಾವಾದರೆ ಆ್ಯಪ್ ಎರಡು ಸೆಕೆಂಡ್ ನಿಧಾನ ಆದರೆ ಒಂದು ಸ್ಟಾರ್ ಕೊಟ್ಟು ರಿವ್ಯೂ ಬರೀತೀವಿ. ಈ ಹುಡುಗರು ಸುಮ್ಮನೆ ಮುಚ್ಚಿ ಎದ್ದುಹೋಗಿದ್ದರು.

ಹನ್ನೊಂದರಲ್ಲಿ ಒಂಬತ್ತು ಜನ ಆ ವಾರದಲ್ಲಿ ಕಳಿಸಿದರು. ಒಂದು ನಂಬರ್ ಸ್ವಿಚ್ ಆಫ್, ಎಷ್ಟು ಸಲ ಮಾಡಿದರೂ. ಇನ್ನೊಬ್ಬ ಹುಡುಗನ ಅಪ್ಪ ಫೋನ್ ಎತ್ತಿ, "ಬಡ್ಡಿಗೆ ತಂದು ಕಟ್ಬುಟ್ಟೋ ಸಾರ್" ಅಂದರು. ಕಟ್ಟಿದ ರಸೀದಿ ಇಟ್ಟು ಅರ್ಜಿ ಹಾಕಿ ಅಂತ ಹೇಳಿದೆ. ಹಾಕ್ತೀವಿ ಅಂದರು, ಹಾಕಲಿಲ್ಲ.

ಈಗ ನಾನು ಮಾಡೋದು

ಆ ವಾರ ಗೆಳೆಯನೊಬ್ಬನ ಹಳೇ ಐಫೋನಲ್ಲೂ ಫಾರಂ ತೆರೆದು ನೋಡಿದೆ. ಅಲ್ಲಿ ಇನ್ನೊಂದು ಕಥೆ. ಡಬ್ಬಿಗಳ ಮಧ್ಯೆ ನಾನಿಟ್ಟಿದ್ದ ಜಾಗವೇ ಮಾಯ, ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಫ್ಲೆಕ್ಸ್‌ಬಾಕ್ಸ್‌ನಲ್ಲಿ 'ಗ್ಯಾಪ್' ಅನ್ನೋದು ಸಫಾರಿಗೆ ಬಂದದ್ದು 2021ರಲ್ಲಿ, 14.1ರಿಂದ. ಅದಕ್ಕೂ ಹಿಂದಿನದಕ್ಕೆ ಗೊತ್ತಿಲ್ಲ. "ನಿನಗೆ ಗ್ಯಾಪ್ ಬರುತ್ತಾ" ಅಂತ ಬ್ರೌಸರನ್ನೇ ಕೇಳುವ ವಿಧಾನ ಇದೆ, ಆದರೆ ಇಲ್ಲಿ ಅದೂ ಕೈಕೊಡುತ್ತೆ. ಗ್ರಿಡ್‌ನಲ್ಲಿ ಗ್ಯಾಪ್ ಗೊತ್ತಿರೋದರಿಂದ ಅದು "ಬರುತ್ತೆ" ಅಂತಲೇ ಹೇಳುತ್ತೆ! ಗ್ರಿಡ್ 2017ರ ಮಾರ್ಚ್‌ನಲ್ಲೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂದಿತ್ತು. ಹಾಗಾಗಿ ಇಡೀ ಫಾರಂ ಅನ್ನು ಒಂದೇ ಕಾಲಂನ ಗ್ರಿಡ್ ಮಾಡಿದೆ. ಕೋಡ್ ಅರ್ಧಕ್ಕೆ ಇಳೀತು.

ಈಗ ಯಾವ ಪೇಜ್ ಮಾಡಿದರೂ ಇಷ್ಟು ನೋಡದೆ ಹೊರಗೆ ಬಿಡಲ್ಲ. ಬೇಕಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಒಂದು: ಕಿಟಕಿಯನ್ನು 320 ಪಿಕ್ಸೆಲ್‌ಗೆ ಕಿರಿದು ಮಾಡಿ. ಪೇಜು ಅಡ್ಡಡ್ಡ ಜಾರಬಾರದು. ವೆಬ್ ಎಲ್ಲರಿಗೂ ಸಿಗಬೇಕು ಅಂತ ಇರುವ ಡಬ್ಲ್ಯುಸಿಎಜಿ ನಿಯಮಗಳಲ್ಲಿ 2018ರ 2.1 ಆವೃತ್ತಿಯಿಂದ ಇದೇ ಅಳತೆ ಇದೆ. ಕಂಪ್ಯೂಟರಿನಲ್ಲಿ 1280 ಪಿಕ್ಸೆಲ್ ಕಿಟಕಿಯನ್ನು 400 ಪರ್ಸೆಂಟ್ ಜೂಮ್ ಮಾಡಿದರೂ ಇದೇ ಆಗುತ್ತೆ.

ಎರಡು: ಅಕ್ಷರದ ಸೈಜನ್ನು 200 ಪರ್ಸೆಂಟ್ ಮಾಡಿ. ಯಾವುದೂ ಕತ್ತರಿಸಬಾರದು, ಒಂದರ ಮೇಲೊಂದು ಏರಬಾರದು.

ಮೂರು: ಉದ್ದದ ಕನ್ನಡ ಪದ ಹಾಕಿ. ಒತ್ತಿನ ಮೇಲೆ ಒತ್ತಿರುವ ಪದ ಹಾಕಿ. ಇಂಗ್ಲಿಷ್‌ನಲ್ಲಿ ಡಿಸೈನ್ ಮಾಡಿ ಕೊನೇಲಿ ಕನ್ನಡ ತುಂಬುವ ಅಭ್ಯಾಸ ಬಿಡಿ.

ನಾಲ್ಕು: ಏನೋ ಹೊರಗೆ ಚಾಚಿದೆ, ಯಾವುದು ಅಂತ ಗೊತ್ತಾಗ್ತಿಲ್ಲ ಅಂದರೆ, ಎಲ್ಲಾ ಡಬ್ಬಿಗಳಿಗೂ ಕೆಂಪು ಔಟ್‌ಲೈನ್ ಹಾಕಿ. ಬಾರ್ಡರ್ ಬೇಡ, ಬಾರ್ಡರ್ ತಾನೇ ಜಾಗ ತಗೊಂಡು ಲೆಕ್ಕ ಕೆಡಿಸುತ್ತೆ. ಔಟ್‌ಲೈನ್ ಜಾಗ ತಿನ್ನಲ್ಲ. ಕಳ್ಳ ತಕ್ಷಣ ಸಿಗ್ತಾನೆ.

ಐದು: ಮೂರೂ ಇಂಜಿನ್‌ನಲ್ಲಿ ನೋಡಿ. ಆಮೇಲೆ ಮನೆಯಲ್ಲಿರುವ ಅತಿ ಹಳೇ ಫೋನಲ್ಲಿ, ಅದರ ಸೆಟ್ಟಿಂಗ್ ಏನನ್ನೂ ಮುಟ್ಟದೆ ನೋಡಿ. ಅಮ್ಮನ ಫೋನ್, ಅಜ್ಜಿ ಫೋನ್, ಯಾವುದಾದರೂ ಸರಿ.

ಬ್ರೌಸರ್ ಮಾಡುವವರೂ ಸುಮ್ಮನೆ ಕೂತಿಲ್ಲ ಅನ್ನಿ. 2022ರಿಂದ ಆಪಲ್, ಗೂಗಲ್, ಮೊಜಿಲ್ಲಾ, ಮೈಕ್ರೋಸಾಫ್ಟ್ ಮುಂತಾದವರು ಸೇರಿ 'ಇಂಟರಾಪ್' ಅಂತ ಪ್ರತಿ ವರ್ಷ ಪಟ್ಟಿ ಮಾಡ್ಕೊಂಡು, ಯಾವುದು ಯಾರಲ್ಲಿ ಬೇರೆ ಥರ ನಡೀತಿದೆ ಅಂತ ಸರಿಮಾಡ್ತಿದ್ದಾರೆ. ಎಕ್ಸ್‌ಪ್ಲೋರರಿನ ಕಾಲಕ್ಕೆ ಹೋಲಿಸಿದರೆ ನಮ್ಮದು ಸುಖದ ಕಾಲ. ಆದರೆ ಅವರು ಸರಿಮಾಡಿದ್ದು ಹೊಸ ಫೋನಿಗೆ ಮೊದಲು ಬರುತ್ತೆ. ಹಳೇ ಫೋನ್ ಕೈಯಲ್ಲಿರೋದು, ಆ ಫಾರಂ ಅತಿ ಹೆಚ್ಚು ಬೇಕಾಗಿರುವವರಿಗೆ.

ಹುಡುಗಿಗೆ ಟ್ರಸ್ಟಿನಿಂದ ದುಡ್ಡು ಬಂತು. ಬಿಎಸ್ಸಿ ಸೇರಿದ್ದಾಳೆ. ಹೋದ ವಾರ ಅಂಬೇಡ್ಕರ್ ಪಾರ್ಕ್ ಹತ್ತಿರ ಸಿಕ್ಕಿದ್ದಳು, ಕಾಲೇಜ್ ಬ್ಯಾಗ್ ಹಾಕ್ಕೊಂಡು. "ಅಣ್ಣಾ, ನಮ್ಮ ಕಾಲೇಜಿನ ಫಾರಂ ಒಂದು ತುಂಬ್ಬೇಕು. ಅದ್ರಲ್ಲೂ ಬಟನ್ ಕಾಣ್ತಿಲ್ಲ" ಅಂದಳು.

"ಈ ಸಲ ನಿಂಗೇ ಗೊತ್ತಾಗ್ತಿಲ್ಲ ಅನ್ಕೊಂಡ್ಯಾ?"

"ಇಲ್ಲ ಅಣ್ಣಾ," ಅಂತ ನಕ್ಕಳು. "ಹೋಗಿ ಹೇಳ್ದೆ. ನಿಮ್ಮ ಪೇಜ್ ಸರಿ ಇಲ್ಲ, ನಮ್ಮಮ್ಮನ ಫೋನಲ್ಲಿ ನೋಡಿ ಅಂತ."

ಸ್ವಿಚ್ ಆಫ್ ಆಗಿದ್ದ ಆ ಒಂದು ನಂಬರ್ ಇನ್ನೂ ನನ್ನ ಫೋನಲ್ಲಿದೆ. ಆಗಾಗ ಮಾಡ್ತಾ ಇರ್ತೀನಿ.